ಸ್ಕ್ರೂಡ್ರೈವರಿಗೊಂದು ಒಪ್ಪತ್ತು

ಭೂಮಿ ಸ್ವಲ್ಪ ಒಂದು ಕಡೆಗೆ ವಾಲಿಕೊಂಡೇ ತಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಲ್ಲ? ಅದು ಇನ್ನೂ ಹಾಗೆಯೇ ವಾಲಿಕೊಂಡಿರುವುದಕ್ಕೆ ಒಂದೇ ಕಾರಣ. ಅದರ ಸ್ಕ್ರೂ ನಮ್ಮ ಭಾವನ ಕೈಗೆ ಎಟುಕಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಲ ಮೈಸೂರು, ಮನೆ ಬ್ರಿಸ್ಬೇನಿನ ಟೂವಾಂಗ್‌ನಲ್ಲಿ. ಅವರ ಅಂಗಿ ಜೇಬಿನಲ್ಲಿ ಪೆನ್ನು ಇರದಿದ್ದರೂ ಸ್ಕ್ರೂಡ್ರೈವರ್ ಇರಲೇಬೇಕು. ನಾವು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಕೊಂಡಾಗ ನೋಡಲು ಬಂದರು. ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿಯವರು ಸ್ಕ್ರೂಡ್ರೈವರ್ ಕಿತ್ತುಕೊಂಡಿದ್ದರಂತೆ. ಕಾರು ಹತ್ತಿದ್ದೇ ತಡ, ಶುರು!

"ಅಲ್ಲಮ್ಮಾ, ಪ್ಲೇನಲ್ಲಿ ಯಾವ್ದಾದ್ರೂ ಸೀಟು ಲೂಸ್ ಇದ್ರೆ ಯಾರು ನೋಡ್ತಾರೆ?"

ಮನೆಗೆ ಬಂದವರು ಬೂಟು ಬಿಚ್ಚುವ ಮೊದಲೇ ನಮ್ಮ ಬಾಗಿಲಿನ ಹಿಡಿ ಬಿಚ್ಚಿದರು, ಬೆಣ್ಣೆ ಚಾಕುವಿನಿಂದ! ಸಂಜೆ ಪಕ್ಕದ ಮನೆಯವರು ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ಬಾರ್ಬೆಕ್ಯೂ ಊಟಕ್ಕೆ, ಕರೆದಿದ್ದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಈ ಮಹಾನುಭಾವರು, ಹುಟ್ಟಿದಾಗಿನಿಂದ ಸಾಸೇಜ್ ಸುಡುತ್ತಲೇ ಬಂದಿರುವ ಆ ಆಸ್ಟ್ರೇಲಿಯನ್ನನಿಗೆ ಅದನ್ನು ಯಾವಾಗ ಮಗುಚಬೇಕೆಂದು ಪಾಠ ಹೇಳಿದರು. ಪುಣ್ಯಾತ್ಮ ನಗುತ್ತಾ ಇಕ್ಕಳವನ್ನೇ ಇವರ ಕೈಗೆ ಕೊಟ್ಟುಬಿಟ್ಟ. ಇವರು ಮೂಗು ಮುಚ್ಚಿಕೊಂಡು ಮಗುಚಿದರು!

"ಯಾಕ್ ಭಾವ ಹೀಗ್ ಮಾಡ್ತೀರಾ?" ಎಂದರೆ ಒಂದೇ ಉತ್ತರ. "ಏನ್ ಮಾಡ್ಲಿ? ಹುಟ್ಟುಗುಣ ಸುಟ್ಟರೂ ಹೋಗಲ್ಲ."

ನಾವೆಲ್ಲ ನಗುತ್ತಿದ್ದೆವು. ನಗದಿದ್ದವಳು ಅವರ ಒಬ್ಬಳೇ ಮಗಳು. ಅವಳ ಹೋಮ್‌ವರ್ಕು, ಜಡೆ, ಗೆಳೆಯರು, ದೋಸೆಯ ದುಂಡು, ಎಲ್ಲವನ್ನೂ ಈ ಅಪ್ಪ ತಿದ್ದಿ ತಿದ್ದಿ ಬೆಳೆಸಿದ್ದರು. ಕೆಲಸ ಸಿಕ್ಕು ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ಅವಳು ಬಾಡಿಗೆಗೆ ಮನೆ ಹಿಡಿದಳು. ಹಾಲು ಉಕ್ಕಿಸಲು ನಾವೆಲ್ಲ ಹೋಗಿದ್ದೆವು. ಅವಳು ಹೊರಗೆ ಹೋಗಿ ಹೂವು ತರುವಷ್ಟರಲ್ಲಿ ಭಾವ ಅವಳ ಅಡುಗೆಮನೆ ಪೂರ್ತಿ ಖಾಲಿ ಮಾಡಿ, ತಮ್ಮ ಕ್ರಮದಲ್ಲಿ ಜೋಡಿಸಿಬಿಟ್ಟಿದ್ದರು. ಬಾಗಿಲಲ್ಲೇ ನಿಂತು ನೋಡಿದವಳ ಕೈಯಿಂದ ಹೂವು ಜಾರಿತು.

"ಅಪ್ಪಾ, ಸ್ಟಾಪ್ ಫಿಕ್ಸಿಂಗ್ ಮಿ!"

ಅಷ್ಟೇ. ಆಮೇಲೆ ಸ್ಕೈಪಿನಲ್ಲಿ ಅಮ್ಮನ ಜೊತೆ ಮಾತಾಡುವಳು, ಅಪ್ಪ ಪಕ್ಕಕ್ಕೆ ಬಂದು ಕೂತರೆ ಏನೋ ಕೆಲಸವಿದೆ ಎಂದು ಎದ್ದುಬಿಡುವಳು. ಮನೆಗೆ ಮಾತ್ರ ಕರೆಯಲೇ ಇಲ್ಲ. ಭಾವ ಹೊರಗೆ ಏನೂ ತೋರಿಸಲಿಲ್ಲ, ಆದರೆ ಮನೆಯ ನಲ್ಲಿಗಳನ್ನೆಲ್ಲ ಸುಮ್ಮಸುಮ್ಮನೆ ಬಿಚ್ಚಿ ಜೋಡಿಸತೊಡಗಿದರು ಎಂದು ಅಕ್ಕ ಹೇಳಿದಳು.

ಆಗ ಪ್ರವೇಶವಾಯಿತು ನೋಡಿ, ಭಾವನ ಮನೆ ಬೇಲಿಯಾಚೆಯ ತಾತನದು! ಹೊಸದಾಗಿ ಬಂದ ಯಹೂದಿ ವೃದ್ಧರು, ಒಂಟಿ. ಅವರ ಗೇಟು ಕಿರ್ರೋ ಎನ್ನುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಭಾವ ಎಣ್ಣೆ ಬಾಟಲಿ, ಸ್ಕ್ರೂಡ್ರೈವರ್ ಹಿಡಿದು ಹಾಜರ್! ತಾತ ಕೈಮುಗಿಯುವಷ್ಟು ವಿನಯದಿಂದ ತಡೆದರಂತೆ. "ಇವತ್ತು ಬೇಡ. ಇವತ್ತು ಅದು ಕಿರುಗುಟ್ಟಲಿ."

ಭಾವನಿಗೆ ತಲೆ ಕೆಟ್ಟುಹೋಯಿತು. ಕಿರುಗುಟ್ಟಲಿ ಎಂದರೇನು! ತಾತ ಕೂರಿಸಿಕೊಂಡು ಹೇಳಿದರು. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಅವರು ಏನನ್ನೂ ರಿಪೇರಿ ಮಾಡುವುದಿಲ್ಲ. ವಾರವೆಲ್ಲ ಪ್ರಪಂಚವನ್ನು ತಿದ್ದುತ್ತೇವೆ, ಈ ಒಂದು ದಿನ ಅದಕ್ಕೊಬ್ಬ ಮಾಲೀಕನಿದ್ದಾನೆ, ಅವನು ನಾನಲ್ಲ ಎಂದು ನಂಬಿ ಕೂರುತ್ತೇವೆ ಎಂದರು. ಭಾವ ತಮ್ಮ ಬ್ರಹ್ಮಾಸ್ತ್ರ ಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂಬ ಗಾದೆಯನ್ನು ಇಂಗ್ಲಿಷಿನಲ್ಲಿ ವಿವರಿಸಿದರು.

ತಾತ ನಕ್ಕರಂತೆ. "ಸುಡೋದು ಯಾಕೆ? ವಾರಕ್ಕೊಂದು ದಿನ ಮಲಗಿಸಿ."

ಭಾವ ಓಡೋಡಿ ಮನೆಗೆ ಬಂದು ಘೋಷಿಸಿದರು. "ನೋಡೇ, ನೀನು ಶನಿವಾರ ಊಟಕ್ಕೆ ಒಪ್ಪತ್ತು ಮಾಡ್ತೀಯಲ್ಲ, ಇನ್ಮೇಲೆ ನನ್ ಸ್ಕ್ರೂಡ್ರೈವರಿಗೂ ಒಪ್ಪತ್ತು!"

ಅಕ್ಕನಿಗೆ ಗಾಬರಿ. "ಧರ್ಮ ಗಿರ್ಮ ಬದಲಾಯಿಸ್ತಿದ್ದೀರೇನ್ರೀ?"

"ಛೇ! ದೇವರು ನಮ್ಮವನೇ, ಕೈ ಕಟ್ಟೋದು ಮಾತ್ರ ತಾತನ ಹತ್ರ ಕಲೀತಿದ್ದೀನಿ."

ಮೊದಲ ಶನಿವಾರವೇ ಸಿಂಕಿನ ಕೆಳಗೆ ನೀರು ಸೋರಬೇಕೇ! ಭಾವ ಕಣ್ಣು ಮುಚ್ಚಿ ಕೂತು, "ಮಾಲೀಕ ನೋಡ್ಕೋತಾನೆ, ಮಾಲೀಕ ನೋಡ್ಕೋತಾನೆ" ಎಂದು ಜಪಿಸತೊಡಗಿದರು. "ಮಾಲೀಕ ಆಮೇಲ್ ನೋಡ್ಕೊಳ್ಳಲಿ, ಮೊದ್ಲು ಆ ಬಕೆಟ್ ಇಡ್ರೀ!" ಎಂದು ಅಕ್ಕ ಕಿರುಚಿದಳು. ಸಂಜೆ ಒಂದು ನಕ್ಷತ್ರ ಮಿನುಗಿದ್ದೇ ತಡ, ಭಾವ ಸಿಂಕಿನ ಕೆಳಗೆ ಹಾರಿದರು. ಅದು ನಕ್ಷತ್ರವಲ್ಲ, ವಿಮಾನ ಎಂದು ಆಮೇಲೆ ಗೊತ್ತಾಯಿತು!

ಇದನ್ನು ಕೇಳಿ ತಾತ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಮೆತ್ತಗೆ ಹೇಳಿದರಂತೆ. ಕೈ ಕಟ್ಟಿಕೊಂಡು ಸಂಜೆಗೆ ಕಾಯುವುದು ಬರೀ ಹಟ. ನೀವು ತಿದ್ದುವುದು, ಕೈ ಬಿಟ್ಟರೆ ಎಲ್ಲ ಬಿದ್ದುಹೋಗುತ್ತದೆ ಎಂಬ ಭಯದಿಂದ. ಸ್ವಭಾವವನ್ನು ಹಟದಿಂದ ಗೆಲ್ಲುವುದು ಕಷ್ಟ, ನಂಬಿಕೆಯಿಂದ ಗೆಲ್ಲಬಹುದು.

"ನನ್ ಮಗಳು?" ಎಂದು ಭಾವ ಕೇಳಿದರು. ಸಿಂಕಿನ ವಿಷಯ ಮಾತಾಡುತ್ತಿದ್ದವರು ಮಗಳಿಗೆ ಹೇಗೆ ಬಂದರೋ!

"ಅವಳಿಗೂ ಅದೇ ಮಾಲೀಕ," ಎಂದರು ತಾತ.

ಅಂದು ಭಾವ ಊಟ ಮಾಡಲಿಲ್ಲವಂತೆ. ಶನಿವಾರಗಳು ಮುಂದುವರಿದವು. ಅಕ್ಕ ಇದನ್ನೆಲ್ಲ ಮಗಳಿಗೆ ಸ್ಕೈಪಿನಲ್ಲಿ ಹೇಳುತ್ತಲೇ ಇದ್ದಳು, ಅವಳು "ಯಾ, ರೈಟ್" ಎಂದು ನಗುವಳು. ಕೊನೆಗೊಮ್ಮೆ ದೀಪಾವಳಿಗೆ ನಮ್ಮೆಲ್ಲರನ್ನೂ ಕರೆದಳು. ಎಲ್ಲರನ್ನೂ, ಅಪ್ಪನನ್ನೂ!

ಹೋದ ದಿನ ಭಾನುವಾರ. ಹಾಲ್‌ನ ಗೋಡೆಯ ಮೇಲೆ ಅವಳೇ ಮರ ಕೊಯ್ದು ಮಾಡಿದ ದೇವರ ಮಂಟಪ. ಅಯ್ಯೋ ರಾಮಾ, ಎಷ್ಟು ಸೊಟ್ಟ! ದೀಪದ ಎಣ್ಣೆಯೆಲ್ಲ ಬಲಗಡೆಗೆ ಬಂದು ನಿಂತಿತ್ತು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ಭಾವನ ಜೇಬು ನೋಡಿದೆವು. ಭಾವ ಸೋಫಾದ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಹೇಳಿದರು. "ಚೆನ್ನಾಗಿದೆ ಪುಟ್ಟಿ."

"ಇಟ್ಸ್ ಕ್ರುಕೆಡ್, ಅಪ್ಪಾ."

"ಇರ್ಲಿ. ಒಪ್ಪತ್ತು ನನಗೆ."

"ಬಟ್ ಟುಡೇ ಈಸ್ ಸಂಡೇ!"

ಭಾವ ತೊಡೆಯ ಕೆಳಗಿನ ಕೈ ತೆಗೆಯಲೇ ಇಲ್ಲ. ಅವಳು ಒಂದು ಕ್ಷಣ ಅಪ್ಪನನ್ನೇ ನೋಡುತ್ತಾ ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದು ಅಪ್ಪನ ಮುಂದೆ ಚಾಚಿದಳು. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ಸ್ವಲ್ಪ ಸಹಾಯ ಮಾಡ್ತೀಯಾ?"

ಭಾವ ಎದ್ದರು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಹೋಗಿ ಮಂಟಪವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ನಾನ್ ಹಿಡ್ಕೋತೀನಿ, ನೀನ್ ತಿರುಗಿಸು" ಎಂದರು.

ಅವಳು ತಿರುಗಿಸಿದಳು. ಮುಗಿದ ಮೇಲೆ ನೋಡಿದರೆ ಮಂಟಪ ಇನ್ನೂ ಬಲಕ್ಕೇ ವಾಲಿತ್ತು. ನನಗೆ ಕಂಡಿತು, ಅಕ್ಕನಿಗೂ ಕಂಡಿತು. ಭಾವನಿಗೆ ಮಾತ್ರ ಕಾಣಲಿಲ್ಲ. ಕಣ್ಣು ಹಾಗೆ ತುಂಬಿಕೊಂಡಿದ್ದರೆ ಎಲ್ಲಿಂದ ಕಾಣಬೇಕು?