ಬಾಳೆಹಣ್ಣಿನ ಹೊಲಿಗೆ

ಮನುಷ್ಯರ ಮೇಲೆ ಸಿಟ್ಟು ಬಂದರೆ ಅದನ್ನು ತೀರಿಸಿಕೊಳ್ಳಲು ನಮ್ಮ ಮನೆಗಳಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಬಾಯಿತುಂಬ ಬೈಯಬಹುದು, ಮಾತು ಬಿಡಬಹುದು, ಅದಕ್ಕೂ ಬಗ್ಗದಿದ್ದರೆ ಊಟ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಬಹುದು. ಆದರೆ ಮೊಬೈಲಿನೊಳಗೆ ಕೂತು ಮಾತಾಡುವ ಹೆಂಗಸಿನ ಮೇಲೆ ಸಿಟ್ಟು ಬಂದರೆ ಏನು ಮಾಡುವುದು? ನಾನು ಊಟ ಬಿಟ್ಟರೆ ಅವಳಿಗೇನು ನಷ್ಟ? ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕಾಲುವೆಗೆ ನೀರು ಬಂದಿಲ್ಲವೆಂದು ಬುಕ್ಕಸಾಗರದ ರೈತರು ಬಂದು ನನ್ನನ್ನು ಬೈಯುತ್ತಿದ್ದರು, ನಾನೂ ಬಿಡದೆ ಬೈಯುತ್ತಿದ್ದೆ, ಆಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುತ್ತಿದ್ದೆವು. ಜಗಳವೆಂದರೆ ಅದು. ಇವಳಿಗೆ ಬೈಗುಳವೂ ತಾಗುವುದಿಲ್ಲ, ಚಹಾವೂ ಬೇಡ.

ವಿಷಯ ಏನೆಂದರೆ, ನಮ್ಮ ಸೊಸೆ ಭಾರತಿ ಡಾಕ್ಟರು. ಕಂಪ್ಲಿಯ ಹುಡುಗಿ, ಈಗ ಆಸ್ಪತ್ರೆಯೊಂದರಲ್ಲಿ ಸರ್ಜರಿ ಕಲಿಯುತ್ತಿದ್ದಾಳೆ. ಹಿಂದೆಲ್ಲ ಕಲಿಯುವ ಡಾಕ್ಟರುಗಳು ಹಿರಿಯರ ಪಕ್ಕ ನಿಂತು, ಬೈಸಿಕೊಂಡು ಕೈ ಪಳಗಿಸಿಕೊಳ್ಳುತ್ತಿದ್ದರಂತೆ. ಈಗ ಅದಕ್ಕೂ ಒಂದು ಆ್ಯಪ್ ಬಂದಿದೆ. ಮನೆಯಲ್ಲೇ ಏನನ್ನಾದರೂ ಕೊಯ್ದು ಹೊಲಿಗೆ ಹಾಕಬೇಕು. ಮೊಬೈಲಿನ ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಒಳಗಿನ ಹೆಂಗಸು ಇಂಗ್ಲಿಷಿನಲ್ಲಿ ತಪ್ಪು ಎತ್ತಿ ತೋರಿಸಿ ಅಂಕ ಕೊಡುತ್ತಾಳೆ. ಶನಿವಾರದೊಳಗೆ ಅವಳ ಕೈಯಲ್ಲಿ ಪಾಸಾದರೆ ಸೋಮವಾರದ ಹರ್ನಿಯಾ ಆಪರೇಷನ್ನನ್ನು ಭಾರತಿಯೇ ಮಾಡಬಹುದು, ಇಲ್ಲದಿದ್ದರೆ ಆ ಸರದಿ ಬೇರೆಯವರಿಗೆ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಇಷ್ಟು ದಿನ ಬೇರೆಯವರು ಆಪರೇಷನ್ ಮಾಡುವಾಗ ಪಕ್ಕದಲ್ಲಿ ನಿಂತು ಕತ್ತರಿ ಹಿಡಿದುಕೊಂಡಿದ್ದ ಹುಡುಗಿಗೆ ಇದು ಮೊದಲ ಅವಕಾಶ. ಅದನ್ನು ಒಂದು ಮೊಬೈಲು ನಿರ್ಧರಿಸುವುದೆಂದರೆ ಮೈ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಆ ಆ್ಯಪಿಗೆ ಹೊಲಿಗೆ ಹಾಕಲು ಕೋಳಿಯ ತೊಡೆ ಬೇಕಂತೆ! ನಮ್ಮದು ಏಕಾದಶಿಯ ದಿನ ಒಲೆಯನ್ನೇ ಹಚ್ಚದ ಮನೆ. ನನ್ನ ಹೆಂಡತಿ ಸುಶೀಲಾ, "ಅದರ ಹೆಸರು ಸುದ್ದಾ ಈ ಮನ್ಯಾಗ ತೆಗೀಬ್ಯಾಡವಾ" ಎಂದು ಕೈಮುಗಿದಳು. ಕೊನೆಗೆ ಬಾಳೆಹಣ್ಣು ಎಂದು ತೀರ್ಮಾನವಾಯಿತು. ಮೊಬೈಲನ್ನು ಮೇಲೆ ನಿಲ್ಲಿಸಲು ಸ್ಟ್ಯಾಂಡು ತರಬೇಕು ಎಂದಳು ಭಾರತಿ. ಮಗ ಕಾರ್ಖಾನೆಯ ಶಿಫ್ಟಿನಲ್ಲಿರುತ್ತಾನೆ, ನಿವೃತ್ತನಾದ ನಾನು ಮನೆಯಲ್ಲಿ ಖಾಲಿ ಕೂತಿರುತ್ತೇನೆ. "ನಾ ಇರೂತನ ಸ್ಟ್ಯಾಂಡ್ ಯಾಕವಾ? ನಾ ಹಿಡೀತೀನಿ, ನೀ ಹೊಲಿ" ಎಂದು ಎದೆಯುಬ್ಬಿಸಿ ನಿಂತೆ.

ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನಾನು ಮೊಬೈಲು ಹಿಡಿಯುವುದು, ಅವಳು ಸಿಪ್ಪೆ ಕೊಯ್ದು ಹೊಲಿಯುವುದು. ಹೊಲಿದು ಮುಗಿಸಿದಳೋ ಇಲ್ಲವೋ ಒಳಗಿನ ಮಹಾತಾಯಿ, "ಕೈ ಸ್ಥಿರವಾಗಿಲ್ಲ. ಮತ್ತೆ ಪ್ರಯತ್ನಿಸಿ" ಎನ್ನುತ್ತಿದ್ದಳು. ನನಗೆ ರೇಗಿ ಹೋಗುತ್ತಿತ್ತು. "ಯಾಕ, ಕಣ್ಣು ಕಾಣಂಗಿಲ್ಲೇನು ನಿನಗ? ಹುಡುಗಿ ಎಷ್ಟು ಚೊಲೊ ಹೊಲದಾಳ!" ಎಂದು ನಾನು ಕೂಗುವುದು, ಮುಂದಿನ ಸಲ ಅವಳು ಇನ್ನೂ ಕಡಿಮೆ ಅಂಕ ಕೊಡುವುದು. ಭಾರತಿ ಮಾತ್ರ ತುಟಿ ಬಿಚ್ಚದೆ ಇನ್ನೊಂದು ಹಣ್ಣು ತೆಗೆದುಕೊಳ್ಳುತ್ತಿದ್ದಳು.

ನನ್ನ ಮಾತಿಗೆ ಸಾಕ್ಷಿ ಬೇಕೆಂದರೆ ಅದೂ ಇದೆ. ಶುಕ್ರವಾರ ಹಂಪಿಯಿಂದ ಆಚಾರ್ಯರೊಬ್ಬರು ಊಟಕ್ಕೆ ಬಂದಿದ್ದರು. ನಾನು ಕನ್ನಡಕ ಹಾಕಿಕೊಳ್ಳದೆ ಬುಟ್ಟಿಯಲ್ಲಿದ್ದ ಹಣ್ಣುಗಳನ್ನು ದೇವರಿಗೆ ನೈವೇದ್ಯ ಮಾಡಿ ಅವರ ಎಲೆಗೆ ಒಂದನ್ನು ಇಟ್ಟೆ. ಅವರು ಸುಲಿಯಲು ಹೋಗಿ ಹಣ್ಣನ್ನು ತಿರುಗಿಸಿ ನೋಡಿದರು. ಉದ್ದಕ್ಕೂ ನೀಲಿ ದಾರ. "ಏನ್ರೀ ರಾಯರ, ಹಣ್ಣಿಗೆ ಆಪರೇಷನ್ ಆಗೇದೇನು?" ಎಂದರು. ನಾನು ಭೂಮಿಗಿಳಿದು ಹೋದೆ. ಅವರು ಮಾತ್ರ ಸಾವಧಾನವಾಗಿ ಪರೀಕ್ಷಿಸಿ, "ಹೊಲಿಗಿ ಮಾತ್ರ ಭಾಳ ಚೊಲೊ ಬಿದ್ದಾವ" ಎಂದರು. ದೇವರು ಒಪ್ಪಿದ, ಆಚಾರ್ಯರು ಒಪ್ಪಿದರು, ಈ ಮೊಬೈಲಿಗೆ ಮಾತ್ರ ಒಪ್ಪಿಗೆಯಿಲ್ಲ! ದೇವರಿಗೆ ಹೊಲಿದ ಹಣ್ಣು ತಿನ್ನಿಸಿದ ಸಿಟ್ಟನ್ನೂ ನಾನು ಅವಳ ಲೆಕ್ಕಕ್ಕೇ ಹಾಕಿದೆ.

ಶನಿವಾರ ಬಂತು. ಸಾಲಾಗಿ ಎರಡು ಹಣ್ಣು ಪಾಸಾದರೆ ಮಾತ್ರ ಆ್ಯಪಿನ ಒಪ್ಪಿಗೆ, ಉಳಿದದ್ದೂ ಎರಡೇ ಹಣ್ಣು. ಭಾರತಿಯ ಮುಖ ಬಾಡಿತ್ತು. ಅವಳು ಸೂಜಿ ಚುಚ್ಚುವ ಮೊದಲೇ ನಾನು ಮೊಬೈಲಿಗೆ, "ಇವತ್ತರ ಸರಿಯಾಗಿ ನೋಡು, ಇಲ್ಲಂದ್ರ ಒಯ್ದು ಕಾಲುವಿಗೆ ಒಗೀತೀನಿ!" ಎಂದು ಅಬ್ಬರಿಸಿದೆ. ಸುಶೀಲಾ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಕೊಡ್ರಿ ಇತ್ತಾಗ" ಎಂದು ಮೊಬೈಲು ಕಿತ್ತುಕೊಂಡು, ಎರಡು ಹಿಟ್ಟಿನ ಡಬ್ಬಿಗಳನ್ನು ತಂದಿಟ್ಟು ಅವುಗಳ ಮೇಲೆ ಅಡ್ಡ ಮಲಗಿಸಿದಳು. ಭಾರತಿ ಹೊಲಿದಳು.

"ಅತ್ಯುತ್ತಮ. ಕೈ ಬಹಳ ಸ್ಥಿರವಾಗಿದೆ" ಎಂದಳು ಒಳಗಿನವಳು.

"ಅಂದ್ರ ಇಷ್ಟು ದಿನ ನಡುಗಿದ್ದು ಯಾರ ಕೈ ಅಂತೀನಿ?" ಎಂದು ಸುಶೀಲಾ ನನ್ನ ಕೈಯನ್ನೇ ನೋಡಿದಳು. ಸಿಟ್ಟಿಗೆ ಅದು ಆಗಲೂ ನಡುಗುತ್ತಿತ್ತು. ನಾನು ಸೊಸೆಯ ಕಡೆ ತಿರುಗಿದೆ.

"ನಿನಗ ಇದು ಗೊತ್ತಿತ್ತೇನು?"

"ಮೊದಲನೇ ದಿನಾನ ಗೊತ್ತಾತ್ರಿ ಮಾವನೋರ" ಎಂದಳು ತಲೆ ತಗ್ಗಿಸಿ. "ಅಷ್ಟೊತ್ತು ನನ್ನ ಸಲುವಾಗಿ ನಿಂತಿದ್ರಿ. ಬ್ಯಾಡ್ರಿ ಅಂತ ಹೆಂಗ ಹೇಳ್ಲಿ?"

ನನಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಮಾವನ ಮನಸ್ಸು ನೋಯಬಾರದೆಂದು ಕೈಗೆ ಬಂದ ಆಪರೇಷನ್ನನ್ನೇ ಕಳೆದುಕೊಳ್ಳಲು ಹೊರಟಿದ್ದಳಲ್ಲ! "ಹುಚ್ಚಿ ಇದ್ದೀಯೇನು? ನಾಳೆ ಥಿಯೇಟರಿನ್ಯಾಗ ರೋಗಿ ಮಲಗಿರ್ತಾನ, ಯಾರರ ದೊಡ್ಡವರು ಅಡ್ಡ ಬಂದ್ರ ಹಿಂಗ ಸುಮ್ನ ಇರ್ತೀಯೇನು? ಯಾರಿದ್ರೂ ಅತ್ತಾಗ ಸರೀರಿ ಅನ್ನಬೇಕು! ಮಾರಿ ನೋಡಿ ಅನ್ನಬೇಕು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

ಭಾರತಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಯ ಹಣ್ಣನ್ನು ಡಬ್ಬಿಗಳ ನಡುವೆ ಇಟ್ಟು, ಸೂಜಿ ಹಿಡಿದು, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ಹಂಗಾರ ಸ್ವಲ್ಪ ಸರೀರಿ ಮಾವನೋರ. ಬೆಳಕಿಗೆ ಅಡ್ಡ ನಿಂತೀರಿ."

ಸರಿದು ನಿಂತೆ. ಸಿಟ್ಟೇನೋ ಇನ್ನೂ ಬೇಕಾದಷ್ಟಿತ್ತು. ಬೈಯೋಣವೆಂದರೆ ಬೈಸಿಕೊಳ್ಳಲು ಅಲ್ಲಿ ನನ್ನನ್ನು ಬಿಟ್ಟು ಇನ್ನಾರೂ ಉಳಿದಿರಲಿಲ್ಲ.