ಮಾವನ ಎಡಗಡೆಯ ನೆರಳು

ನಮ್ಮ ಸೋದರಮಾವನಿಗೆ ದೆವ್ವ ಭೂತದ ಭಯ ಎಳ್ಳಷ್ಟೂ ಇಲ್ಲ. ಅವರಿಗಿರೋದು ನೆರಳಿನ ಮೇಲಿನ ಅನುಮಾನ! ಎದುರು ಬಂದವರ ಮುಖ ಆಮೇಲೆ, ಮೊದಲು ಅವರ ಕಾಲಬುಡದ ನೆಲ ನೋಡ್ತಾರೆ. ಚಪ್ಪಲಿ ಕಿತ್ತುಹೋಗಿದೆಯೇನೋ ಅಂತ ಹೊಳಲ್ಕೆರೆ ಪೇಟೆಯಲ್ಲಿ ಎಷ್ಟು ಜನ ಬಗ್ಗಿ ನೋಡ್ಕೊಂಡಿದ್ದಾರೋ!

ಇದಕ್ಕೆಲ್ಲ ಕಾರಣ ಗಣಿತ. ಮಾವ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರಿಗೆ ಬೋರೆಲ್ ಗಣ ಅಂದ್ರೆ ಪ್ರಾಣ. ಅದೇನು ಅಂತೀರಾ? ನಾನೂ ಹಿಂಗೇ ಕೇಳಿ ಕೆಟ್ಟೆ.

"ಗೆರೆಯ ತುಂಡುಗಳಿಂದ ಶುರು ಮಾಡು," ಅಂದ್ರು. "ಒಂದಾದ ಮೇಲೊಂದು ಜೋಡಿಸು. ಹೊರಗುಳಿದಿದ್ದನ್ನೂ ತಗ. ಮತ್ತೆ ಜೋಡಿಸು. ಹಿಂಗೇ ಮೆಟ್ಲು ಹತ್ತಿ ಹತ್ತಿ ಏನೇನು ಕಟ್ಟಬಹುದೋ ಅದೆಲ್ಲ ಬೋರೆಲ್ ಗಣ. ಬಲು ಸಾಧು."

"ಮತ್ತೆ ಅನುಮಾನ ಯಾಕೆ ಮಾವ?"

"ಹಾಳೆ ಮೇಲೆ ಅಂಥದ್ದೊಂದು ಐತೆ ಅಂತ ಇಟ್ಕ. ಅದರ ನೆರಳು ಕೆಳಗಿನ ಗೆರೆ ಮೇಲೆ ಬಿತ್ತು. ನೆರಳೂ ಅಷ್ಟೇ ಸಾಧು ಅಂತ ದೊಡ್ಡ ಪಂಡಿತರೇ ನಂಬಿದ್ರು. ತಪ್ಪು ಕಣೋ! ಅಳೆಯಕ್ಕೆ ಸಿಕ್ಕಿ, ಕಟ್ಟಕ್ಕೆ ಮಾತ್ರ ಸಿಗದ ನೆರಳುಗಳೂ ಅವೆ."

ಹೇಳ್ತಾ ಚಿತ್ರವನ್ನೂ ಬರೆದರು. ಅವರ ಕೈಯಲ್ಲಿ ವೃತ್ತ ಹಾಕಿದ್ರೆ ಬದನೇಕಾಯಿ ಆಗುತ್ತೆ. ಆವತ್ತೂ ಬದನೇಕಾಯಿಯೇ ಆಯ್ತು.

ಅತ್ತೆ ಇರೋವರೆಗೂ ಇದು ಬರೀ ತಮಾಷೆ. ಅವರು ಮಾವನ ಎಡಗಡೆ, ಸೊಂಟದ ಮೇಲೆ ಕೈಯಿಟ್ಟು ನಿಂತು, "ನೆರಳು ಆಮೇಲೆ ನೋಡೀರಂತೆ, ಮೊದ್ಲು ಕಣ್ಣು ತೋರಿಸ್ಕಳ್ರಿ," ಅಂತ ಗದರೋರು. ಮಾವ ಕೇಳಲಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡರು.

ಆಮೇಲೆ ಶುರುವಾಯ್ತು ನೋಡಿ! ಮಧ್ಯಾಹ್ನ ಬಿಸಿಲು ಇಳಿಯೋ ಹೊತ್ತಿಗೆ ಮಾವ ಹಿತ್ತಲ ಗೋಡೆ ಎದುರು ನಿಲ್ಲೋರು. ನಿಂತವರು ಒಬ್ಬರು, ಬೀಳೋ ನೆರಳು ಎರಡಂತೆ!

ಒಂದಿನ ಅವರ ಜೊತೆ ರಾಮಗಿರಿ ಸ್ಟೇಷನ್ನಿನಲ್ಲಿ ನಿಂತಿದ್ದೆ. ಕುರಿ ಹೊಡ್ಕೊಂಡು ಬಂದ ಯಜಮಾನರೊಬ್ಬರು ಮಾವನ ಎಡಕ್ಕೆ ಬಂದು ನಿಂತರು.

"ಸ್ವಲ್ಪ ಆ ಕಡೆ ನಿಂತ್ಕಳ್ರಿ," ಅಂದ್ರು ಮಾವ.

"ಯಾಕ್ರಿ ಮೇಷ್ಟ್ರೇ, ಜಾಗ ನಿಮ್ದಾ?"

"ನನ್ದಲ್ಲ, ನಮ್ಮನೆಯೋಳ್ದು."

ಯಜಮಾನರು ಖಾಲಿ ಜಾಗ ನೋಡಿದರು, ಮಾವನ ಮುಖ ನೋಡಿದರು, ಕೋಲು ಎತ್ಕೊಂಡು ಹೊರಟರು. ನನಗೆ ನಗು ತಡೆಯೋಕಾಗಲಿಲ್ಲ. ಆದರೆ ಹಿಂದೆ ಬಂದ ಕುರಿಗಳು ಒಂದೂ ಆ ಜಾಗ ತುಳಿಯಲಿಲ್ಲ. ಯಾರೋ ನಿಂತಿದ್ದಾರೆ ಅನ್ನೋ ಹಾಗೆ ಬಳಸ್ಕೊಂಡು ಹೋದವು. ನನ್ನ ನಗು ಅಲ್ಲೇ ನಿಂತಿತು.

ಹೆದರಿಕೊಂಡು ಮಾವನನ್ನ ಚಿತ್ರದುರ್ಗದ ಕಣ್ಣಿನ ಡಾಕ್ಟರ ಹತ್ರ ಎಳ್ಕೊಂಡು ಹೋದೆ. ಅವರು ನಕ್ಕುಬಿಟ್ಟರು. "ಪೊರೆ ಬಂದಿದೆ, ಒಂದು ಎರಡಾಗಿ ಕಾಣ್ತಿದೆ. ಆಪರೇಷನ್ ತಡ ಮಾಡಿದ್ರೆ ಕಷ್ಟ."

ಮಾವ ನಗಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡ್ಕೊಂಡರು. "ಪೊರೆ ಜೊತೆ ಅವಳನ್ನೂ ತೆಗೆದುಬಿಟ್ರೆ ಏನ್ ಮಾಡ್ಲೋ?"

"ಕಣ್ಣೇ ಹೋದ್ರೆ ಯಾವ ನೆರಳು ನೋಡ್ತೀರಿ ಮಾವ?"

ಕೊನೆಗೂ ಒಪ್ಪಿದರು. ಆದರೆ ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಸೀಮೆಸುಣ್ಣ ಹಿಡಿದು ಹಿತ್ತಲಿಗೆ ಹೋದರು. "ಕಟ್ಟಕ್ಕಂತೂ ಆಗಲ್ಲ, ಅಳತೆನಾದ್ರೂ ತಗತೀನಿ."

ನನ್ನ ಕಣ್ಣಿಗೆ ಗೋಡೆ ಮೇಲಿದ್ದದ್ದು ಅವರದೊಂದೇ ನೆರಳು. ಅದರ ಪಕ್ಕದ ಖಾಲಿ ಗೋಡೆ ಮೇಲೆ ಮಾವ ಗೆರೆ ಎಳೀತಾ ಹೋದರು. ಇನ್ನೊಂದು ಬದನೇಕಾಯಿ ಬಂತು ಅಂದ್ಕೊಂಡೆ. ಮೊದಲು ತುರುಬು ಬಂತು. ಆಮೇಲೆ ಒಂಚೂರು ಇಳಿದ ಬಲಭುಜ. ಆಮೇಲೆ ಸೊಂಟದ ಮೇಲಿನ ಕೈ. ಸಾಕ್ಷಾತ್ ನಮ್ಮತ್ತೆ! ಒಂದು ವೃತ್ತ ನೆಟ್ಟಗೆ ಹಾಕೋಕೆ ಬಾರದ ಕೈ ಅದು!

"ಮಾವ, ಇದನ್ನ ಹೆಂಗೆ ಬರೆದ್ರಿ?"

"ನೋಡ್ಕಂಡೇ ಬರೆದೆ. ಅಲ್ಲಾಡಬೇಡ ಅಂದ್ರೆ ಕೇಳಬೇಕಲ್ಲ ಇವಳು!"

ಆಪರೇಷನ್ ಚೆನ್ನಾಗಿ ಆಯ್ತು. ಪಟ್ಟಿ ಬಿಚ್ಚಿಸ್ಕೊಂಡು ಮನೆಗೆ ಬಂದವರೇ, ಕಪ್ಪು ಕನ್ನಡಕದಲ್ಲೇ ಹಿತ್ತಲಿಗೆ ನಡೆದರು. ಬಿಸಿಲು ಇಳೀತಿತ್ತು. ನಾನು ಬಾಗಿಲಲ್ಲಿ ನಿಂತೆ. ಮಾವ ಗೋಡೆ ನೋಡಿದರು, ತಿರುಗಿ ನನ್ನ ನೋಡಿದರು, ಮತ್ತೆ ಗೋಡೆ ನೋಡಿದರು.

"ಒಂದೇ ಐತೆ ಕಣೋ," ಅಂದ್ರು. ನನಗೆ ಅಳು ಬಂತು.

ಆಮೇಲೆ ಮೆಲ್ಲಗೆ ಎಡಕ್ಕೆ ಸರಿದರು. ಅವರ ನೆರಳಿನ ಭುಜ ಸೀಮೆಸುಣ್ಣದ ಆ ಇಳಿದ ಭುಜಕ್ಕೆ ತಾಗಿತು.

"ನೋಡೇ," ಅಂದ್ರು ಗೋಡೆಗೆ, "ನೀನು ಹೇಳ್ದಂಗೇ ಕಣ್ಣು ತೋರಿಸ್ಕಂಡು ಬಂದೆ."