ಬಿಳಿ ಚೀಟಿ, ಹಸಿರು ಚೀಟಿ

ಯಾರಿಗೂ ‘ಆಗೋದಿಲ್ಲ’ ಎನ್ನಲಾರದ ಬಾಯಿಯೇ ಮ್ಯಾನಸ್ ಲಾವೆಲ್‌ನ ಶತ್ರು. ಸಂವಿಧಾನದ ಎರಡೂ ತಿದ್ದುಪಡಿಗೆ ‘ಹೌದು’ ಹಾಕು ಎಂದು ದೋಣಿಯ ಅಟ್ರಾಕ್ಟಾ ಕೇಳಿದಾಗ “ಆಯ್ತು ತಾಯಿ” ಅಂದಿದ್ದ. ಎರಡಕ್ಕೂ ‘ಇಲ್ಲ’ ಹಾಕು ಎಂದು ನೆರೆಯ ಫೆಸ್ಟಿ ಕೇಳಿದಾಗ “ಆಯ್ತು ಮಾರಾಯ” ಅಂದಿದ್ದ. ಶನಿವಾರ ಅವನ ಕುರಿಗಳು ಸಂತೆಗೆ ಹೋಗಬೇಕಾದದ್ದು ಅಟ್ರಾಕ್ಟಾಳ ದೋಣಿಯಲ್ಲಿ. ಕೊಯ್ದ ಹುಲ್ಲು ಬಯಲಲ್ಲಿ ಒಣಗಿ ಬಿದ್ದಿತ್ತು. ಮಳೆಗೆ ಮುಂಚೆ ಪೆಂಡಿ ಕಟ್ಟಲು ದ್ವೀಪದಲ್ಲಿದ್ದದ್ದು ಫೆಸ್ಟಿಯ ಯಂತ್ರವೊಂದೇ.

ಅಷ್ಟು ಸಣ್ಣ ದ್ವೀಪದಲ್ಲಿ ಯಾರ ಮತ ಎತ್ತ ಎಂಬುದು ಬೆಕ್ಕುಗಳಿಗೂ ಗೊತ್ತು. ಮ್ಯಾನಸ್‌ನನ್ನು ಬಿಟ್ಟರೆ ಊರು ಸರಿಸಮ ಇಬ್ಭಾಗ. ಮತದಾನದ ಮರುದಿನ ಎಣಿಕೆ ಕೇಂದ್ರದಲ್ಲಿ ದ್ವೀಪದ ಪೆಟ್ಟಿಗೆ ತೆರೆದಾಗ, ಎರಡೂ ಕಡೆಯವರು ಕಟಕಟೆಗೆ ಎದೆಯೊತ್ತಿ ಒಂದೊಂದು ಚೀಟಿಯನ್ನೂ ಇಣುಕಿ ನೋಡುತ್ತಾರೆ.

ಮತದಾನದ ಬೆಳಿಗ್ಗೆ ಮ್ಯಾನಸ್ ಹೊಟ್ಟೆನೋವೆಂದು ಹೊದ್ದು ಮಲಗಿದ. ಬಾಗಿಲಲ್ಲಿ ಅಟ್ರಾಕ್ಟಾಳ ವ್ಯಾನೂ ಫೆಸ್ಟಿಯ ಟ್ರ್ಯಾಕ್ಟರೂ ಒಟ್ಟಿಗೇ ಹಾರ್ನ್ ಹೊಡೆದವು.

“ಮತ ಹಾಕೋಕೆ ಹೊಟ್ಟೆ ಯಾಕೋ? ಕೈ ನೆಟ್ಟಗಿದೆಯಲ್ಲ, ಏಳು!” ಅಂದಳು ಅಟ್ರಾಕ್ಟಾ.

ಹಿಂದಿನ ಜನಮತಗಣನೆಯಿಂದ ಆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಆಡುವುದಿದ್ದರೆ ಮ್ಯಾನಸ್‌ನ ಮೂಲಕ.

“ಮ್ಯಾನಸ್, ಅವಳಿಗೆ ಹೇಳು. ಸಂವಿಧಾನ ಏನು ಬೇಲಿಯಾ, ಬೇಕಾದಾಗೆಲ್ಲ ಸರಿಸೋಕೆ?”

“ಮ್ಯಾನಸ್, ಅವನಿಗೆ ಹೇಳು. ಬೇಲಿ ಸರಿಸೋದು ಯಾರ ಕಸುಬು ಅಂತ ಊರಿಗೇ ಗೊತ್ತು.”

ಯಾರ ಗಾಡಿ ಹತ್ತಿದರೂ ಕಷ್ಟ. ಮ್ಯಾನಸ್ ನಡೆದೇ ಹೊರಟ. ಮುಂದೆ ವ್ಯಾನು, ಹಿಂದೆ ಟ್ರ್ಯಾಕ್ಟರು, ನಡುವೆ ಮಾರಾಟಕ್ಕೆ ಹೊರಟ ಕುರಿಯ ಹಾಗೆ ಅವನು. ಮತಗಟ್ಟೆಯಿದ್ದ ಶಾಲೆಯ ಹತ್ತಿರ ಪ್ರಚಾರ ಕೂಡದೆಂಬ ಕಾನೂನಿರುವುದರಿಂದ ಅಲ್ಲಿ ಇಬ್ಬರ ಬಾಯಿಯೂ ಮುಚ್ಚಿತು. ಕಣ್ಣಿಗೆ ಕಾನೂನಿರಲಿಲ್ಲ.

ಒಳಗೆ ಕೈಗೆ ಬಂದದ್ದು ಎರಡು ಚೀಟಿ. ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಬೇಕೆ ಎಂದು ಬಿಳಿಯದು ಕೇಳಿತು. ಪರದೇಶದಲ್ಲಿರುವವರಿಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತದ ಹಕ್ಕು ಕೊಡಬೇಕೆ ಎಂದು ಹಸಿರಿನದು. ಮ್ಯಾನಸ್ ತನ್ನ ಸ್ವಂತ ಅಭಿಪ್ರಾಯವೇನೆಂದು ಹುಡುಕಿದ; ಸಿಗಲಿಲ್ಲ. ಆದರೆ ಚೀಟಿ ಎರಡು, ನೆರೆಯವರೂ ಇಬ್ಬರು! ಬಿಳಿಗೆ ‘ಹೌದು’, ಹಸಿರಿಗೆ ‘ಇಲ್ಲ’ ಎಂದು ಗುರುತು ಹಾಕಿ, ಹಗುರಾಗಿ ಹೊರಬಂದ.

ಮರುದಿನ ಫೋನಿನಲ್ಲಿ ಸುದ್ದಿ ಬಂತು. ದ್ವೀಪದ ಪೆಟ್ಟಿಗೆಯಲ್ಲಿ ಬಿಳಿ ಚೀಟಿಗೆ ‘ಹೌದು’ ಗೆದ್ದಿತ್ತು, ಒಂದೇ ಮತದಿಂದ. ಹಸಿರಿಗೆ ‘ಇಲ್ಲ’, ಅದೂ ಒಂದೇ ಮತದಿಂದ. ಇಬ್ಬರೂ ಕೃತಜ್ಞತೆ ಹೇಳಲು ಬಂದೇ ಬರುತ್ತಾರೆಂದು ಮ್ಯಾನಸ್ ಚಹಾಕ್ಕೆ ನೀರಿಟ್ಟು, ಬ್ರೆಡ್ಡಿಗೆ ಬೆಣ್ಣೆ ಸವರಿದ.

ಬಂದರು. ಒಂದೇ ವ್ಯಾನಿನಲ್ಲಿ.

“ನೀನು ಹೇಳು, ಫೆಸ್ಟಿ.”

“ಇಲ್ಲ ಅಟ್ರಾಕ್ಟಾ, ನೀನೇ ಹೇಳು.”

“ಇಬ್ಬರಿಗೂ ಒಂದೊಂದು ಗೆಲ್ಲಿಸಿಕೊಟ್ಟೆನಲ್ಲ!” ಅಂದ ಮ್ಯಾನಸ್.

“ಗೆದ್ದದ್ದು ನಾವು ಮನೆಮನೆ ಸುತ್ತಿದ್ದರಿಂದ,” ಅಂದಳು ಅಟ್ರಾಕ್ಟಾ. “ಸೋತದ್ದು ನಿನ್ನಿಂದ.”

“ಅವಳು ಹೇಳಿದ್ದೇ ಸರಿ,” ಅಂದ ಫೆಸ್ಟಿ. “ನನ್ನ ಯಂತ್ರ ಕೆಟ್ಟಿದೆ.”

“ನನ್ನ ದೋಣಿಯೂ.”

ಇಬ್ಬರೂ ಎಷ್ಟೋ ಕಾಲದ ಮೇಲೆ ಎದುರುಬದುರು ಕೂತು, ಅವನ ಬ್ರೆಡ್ಡು ತಿಂದು, ಅವನನ್ನು ಬಯ್ಯುತ್ತ ಮನಸ್ಸು ಹಗುರ ಮಾಡಿಕೊಂಡರು. ಅಟ್ರಾಕ್ಟಾ ಖಾಲಿ ಲೋಟ ಚಾಚಿದಳು.

“ಇನ್ನೊಂದು ಲೋಟ ಹಾಕ್ತೀಯಾ?”

ಹೊರಗೆ ಹುಲ್ಲಿನ ಮೇಲೆ ಮಳೆ ಶುರುವಾಯಿತು.

“ಆಯ್ತು ತಾಯಿ,” ಅಂದ ಮ್ಯಾನಸ್.